ಉಟ್ಟು ಹೇಳುವ ಮಾತು

ಗೋಡಂಬಿ ಖರೀದಿಗೆಂದು ಘಾನಾಕ್ಕೆ ಹೋದ ಗಂಡ ಮತ್ತೆ ಮಂಗಳೂರಿನ ಕಡೆ ತಲೆ ಹಾಕಲಿಲ್ಲ. ಅಲ್ಲಿ ಬಟ್ಟೆ ಮಾರುವವಳೊಬ್ಬಳು ಅವನನ್ನು ಬುಟ್ಟಿಗೆ ಹಾಕಿಕೊಂಡಿದ್ದಾಳೆ ಎಂಬ ಸುದ್ದಿ ಬಂದದ್ದೇ ತಡ, ಅವಳ ಮಾನವನ್ನು ಸಂತೆಯಲ್ಲೇ ಹರಾಜು ಹಾಕುತ್ತೇನೆಂದು ಜಲಜಾಕ್ಷಿ ಹಲ್ಲು ಕಡಿಯುತ್ತ ವಿಮಾನ ಹತ್ತಿದಳು.

ಆ ಸಂತೆಯೂರಿನಲ್ಲಿ ಬಟ್ಟೆಯ ಒಂದೊಂದು ಚಿತ್ತಾರಕ್ಕೂ ಒಂದೊಂದು ಅರ್ಥ. ಬಾಯಿಬಿಟ್ಟು ಆಡಲಾಗದ್ದನ್ನು ಹೆಂಗಸರು ಉಟ್ಟು ಹೇಳುತ್ತಾರೆ. ಜಲಜಾಕ್ಷಿ ವಿಚಾರಿಸಿಕೊಂಡು ನೇರ ಅವಳ ಅಂಗಡಿಗೇ ಹೋದಳು.

“ಗಂಡನನ್ನು ಕಸಿದುಕೊಂಡವಳ ಎದುರು ಉಡುವಂಥದ್ದು ಯಾವುದಿದೆ?” ಎಂದು ಹರಕು ಇಂಗ್ಲಿಷಿನಲ್ಲಿ ಕೇಳಿದಳು.

ಅಂಗಡಿಯವಳು ಉತ್ಸಾಹದಿಂದ ಕೆಂಪು ಬಟ್ಟೆಯೊಂದನ್ನು ಬಿಚ್ಚಿ ಹರಡಿದಳು. “ಇದು. ‘ನಿನ್ನ ಮನೆ ಹಾಳಾಗೋದನ್ನ ನಿಂತು ನೋಡ್ತೇನೆ’ ಅಂತ ಅರ್ಥ. ಕಟ್ಟಿ ಕೊಡ್ಲಾ?”

“ಬೇಡ. ನಿನ್ನೆದುರೇ ಉಡ್ತೇನೆ. ನೀನು ಇಟ್ಟುಕೊಂಡಿರುವ ಮಂಗಳೂರಿನವನು ನನ್ನ ಗಂಡ.”

ಅಂಗಡಿಯವಳು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಕತ್ತರಿ ತೆಗೆದು ಬಟ್ಟೆಯನ್ನು ನಡುವೆ ಪರ್ರನೆ ಕತ್ತರಿಸಿ, ಒಂದು ತುಂಡನ್ನು ತನ್ನ ಸೊಂಟಕ್ಕೇ ಬಿಗಿದುಕೊಂಡು, ಇನ್ನೊಂದನ್ನು ಜಲಜಾಕ್ಷಿಯ ಕೈಗಿತ್ತು, ಅವನು ಕಲಿಸಿದ್ದ ಕನ್ನಡದಲ್ಲಿ ಹೇಳಿದಳು:

“ಬೇಗ ಉಡು ಮಾರಾಯ್ತಿ. ಅವ ಈಗ ಮೀನು ಮಾರುವವಳ ಮನೆ ಸೇರಿದ್ದಾನೆ.”