ಪಾತ್ರೆಯ ಸರದಿ

ಮೂರು ಕೈ ಮೇಲೆ ಹೋದವು. ದೇವುವಿನ ಕೈ ಮಾತ್ರ ತೊಡೆಯ ಮೇಲೇ ಇತ್ತು.

"ನಿನ್ನದು?" ಎಂದರು ಕಮಲಾಕರರಾಯರು, ಠರಾವು ಪುಸ್ತಕದ ಮೇಲೆ ಟಾಕು ಹಿಡಿದು.

ಕುಮಟೆಯ ಆ ಸಣ್ಣ ಚರ್ಚಿನ ಹಿಂದಿನ ಕೋಣೆಯಲ್ಲಿ ನಾಲ್ವರು ಸಭಾಹಿರಿಯರು ಕೂತಿದ್ದರು. ಲಡಾಯಿ ಶುರುವಾಗಿ ಜರ್ಮನ್ ಪಾದ್ರಿಯನ್ನು ಸರಕಾರ ಹಿಡಿದುಕೊಂಡು ಹೋದ ಮೇಲೆ, ಸಭೆಯವರೇ ಚೀಟಿ ಹಾಕಿ ಹಿರಿಯರನ್ನು ಆರಿಸಿದ್ದು ಇದೇ ಮೊದಲು. ಪೇಟೆಯ ಕ್ರೈಸ್ತರ ಮನೆ ಒಂಬತ್ತು, ಉಪ್ಪಿನಾಗರದ ಕೇರಿಯವರದು ಹದಿನಾಲ್ಕು. ಹಾಗಾಗಿ ಆಗರದಲ್ಲಿ ಉಪ್ಪು ಎಳೆಯುವ ದೇವು ನಾಲ್ಕನೆಯ ಹಿರಿಯನಾಗಿದ್ದ. ನಾಳೆಯ ಪವಿತ್ರ ಭೋಜನದಲ್ಲಿ, ಪಾದ್ರಿಯ ಜಾಗಕ್ಕೆ ಬಂದ ಈ ಕಡೆಯವರೇ ಆದ ಬೋಧಕ ಅಯ್ಯನವರು ರೊಟ್ಟಿ ಕೊಟ್ಟ ಮೇಲೆ, ದ್ರಾಕ್ಷಾರಸದ ಪಾತ್ರೆಯನ್ನು ಒಬ್ಬೊಬ್ಬರ ತುಟಿಗೂ ಹಿಡಿಯುವ ಸರದಿ ಅವನದೇ.

"ಹಿರೇಗುತ್ತಿ ಕಡೆ ವಾಂತಿಭೇದಿ ಬಂದದೆ ಮಾರಾಯ," ರಾಯರು ಮತ್ತೊಮ್ಮೆ ಬಿಡಿಸಿ ಹೇಳಿದರು. "ಎಲ್ಲರೂ ಒಂದೇ ಪಾತ್ರೆಗೆ ಬಾಯಿ ಹಚ್ಚುದು ಬೇಡ. ಅವರವರ ಲೋಟ ಅವರವರು ತಂದರೆ ಆತು. ಇದ್ರಲ್ಲಿ ನಿನಗೆ ಕಷ್ಟ ಎಂತದು?"

"ಕಷ್ಟ ಎಂತದೂ ಇಲ್ಲ, ಒಡೆಯಾ. ಆದ್ರೆ ಪಾತ್ರೆ ಹಿಡಿಯೂ ಸರದಿ ನಂದಲ್ರಾ?" ಸಭೆಯೊಳಗೆ ಎಲ್ಲರೂ ಸಹೋದರರೇ. ಆದರೂ ದೇವುವಿನ ಬಾಯಿಗೆ 'ಒಡೆಯಾ' ಎಂದೇ ಬಂತು.

"ನಿಂದೇ. ಅದನ್ನ ಯಾರು ಕಸೀತಾರೆ? ನೀನೇ ಸುರಿ. ನಾವು ಲೋಟ ಇಡ್ತೇವೆ, ಅಷ್ಟೇ."

ಕೆಲಸ ಅಲ್ಲಿಗೆ ಮುಗಿಯುವಂತಿರಲಿಲ್ಲ. ಭೋಜನದ ಕ್ರಮವನ್ನು ಬದಲಿಸಬೇಕಾದರೆ ಹಿರಿಯರೆಲ್ಲರ ಕೈಯೂ ಏಳಬೇಕೆಂದು ಹಳೆಯ ಪಾದ್ರಿ ನಿಯಮ ಬರೆದಿಟ್ಟು ಹೋಗಿದ್ದ. ಮೂರು ಕೈಯಿಂದ ಏನೂ ಆಗದು. ಹಾಗೆಂದೇ, ಕೈ ಎತ್ತುವ ಹಕ್ಕಿಲ್ಲದೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಯ್ಯನವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಅವರೊಬ್ಬರೇ ಅವನನ್ನು ದೀಕ್ಷಾಸ್ನಾನದ ಹೆಸರು ಹಿಡಿದು ಕರೆಯುವವರು.

"ದೇವಪ್ರಿಯಾ, ಒಂಬತ್ತು ಮನೆಯವರು ಬರೂದು ನಿಲ್ಲಿಸಿದ್ರೆ ಸಭೆ ಒಡೀತದೆ. ನಾಳೆ ಸಭೆ ಒಡೆದವ ಯಾರು ಅಂದ್ರೆ ನಿನ್ನ ಹೆಸರೇ ಹೇಳ್ತಾರೆ. ಒಂದು ಕೈ ಎತ್ತೂಕೆ ಎಷ್ಟು ಹೊತ್ತು?"

ದೇವು ಉಳಿದಿಬ್ಬರ ಮುಖ ನೋಡಿದ. ಒಬ್ಬರು ಕಿಟಕಿಯ ಕಡೆ ನೋಡಿದರು, ಇನ್ನೊಬ್ಬರು ನಶ್ಯದ ಡಬ್ಬಿಯ ಕಡೆ. ಉಪ್ಪುನೀರಿಗೆ ಬಿರಿದ ಅವನ ಕೈ ನಿಧಾನಕ್ಕೆ ಮೇಲೆದ್ದಿತು. ಅದು ಕೆಳಗಿಳಿಯುವ ಮೊದಲೇ ರಾಯರು 'ಸರ್ವಾನುಮತದಿಂದ' ಎಂದು ಬರೆದು ಗೆರೆ ಎಳೆದಿದ್ದರು.

ಮನೆಗೆ ಬಂದರೆ ಹೊನ್ನಮ್ಮ ಅವನ ಬಿಳಿ ಅಂಗಿಗೆ ಗಂಜಿ ಹಾಕಿ ಬೇಲಿಯ ಮೇಲೆ ಹರವಿದ್ದಳು. ನಾಳೆ ತನ್ನ ಗಂಡನ ಕೈಯಿಂದ ಪಾತ್ರೆ ಬರುತ್ತದೆಂದು ಅವಳು ಕೇರಿಯ ಹದಿನಾಲ್ಕು ಮನೆಗೂ ಹೇಳಿ ಬಂದಾಗಿತ್ತು. ದೇವು ಜಗಲಿಯ ತುದಿಗೆ ಕೂತು, ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ, ಸುತ್ತಿ ಬಳಸಿ ವಿಷಯ ಹೇಳಿದ. ಅವಳು ಮೀನು ಕೊಯ್ಯುವುದನ್ನು ನಿಲ್ಲಿಸಿದಳು.

"ಹೋದ ವರ್ಷ ವಾಂತಿಭೇದಿಗೆ ನಮ್ಮ ಕೇರಿಲೇ ಆರು ಹೆಣ ಬಿದ್ವು. ಆವಾಗ ಎಲ್ಲರೂ ಒಂದೇ ಪಾತ್ರೆಲಿ ಕುಡಿದ್ರಲ್ರಾ?"

"ಆವಾಗ ರಾಯರು ಹಿಡಿದಿದ್ರು. ಮುಂದಿನ ಬೆಂಚಿನವರು ಮೊದಲು ಕುಡಿದ್ರು, ನಾವು ಕಡೆಗೆ."

"ಹಂಗಾರೆ ನೀವು ಹಿರಿಯರಾದದ್ದು ಆ ಬೇನೆಗೂ ಗೊತ್ತಾತನ?"

"ಸುಮ್ನಿರೇ. ಮಳೆಗಾಲ ಕಳೆದ್ರೆ ಮತ್ತೆ ಮೊದಲಿನ ಹಾಗೇ ಮಾಡ್ತಾರೆ."

"ಒಲ್ಲೆ ಅಂದವರು ಒಬ್ರೂ ಇರಲಿಲ್ವನ ಅಲ್ಲಿ? ನಾಲ್ಕೂ ಕೈ ಎದ್ವಾ?"

ದೇವು ಬೇಲಿಯ ಮೇಲಿನ ಅಂಗಿ ಒಣಗಿದೆಯೋ ಎಂದು ಮುಟ್ಟಿ ನೋಡಿದ. ಅವಳಿಗೆ ಉತ್ತರ ಸಿಕ್ಕಿತು. ಮತ್ತೆ ಮೀನು ಕೊಯ್ಯತೊಡಗಿದಳು.

ಭಾನುವಾರ ಪೇಟೆಯವರೆಲ್ಲ ಲೋಟ ತಂದಿದ್ದರು. ರಾಯರದು ಬೆಳ್ಳಿಯದು. ಅದನ್ನು ವೇದಿಯ ಮುಂದಿನ ಕಟಕಟೆಯ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡರು. ದೇವು ಸುರಿದ ಮೇಲೆ, ಅವನು ಮುಂದಿನ ಲೋಟಕ್ಕೆ ಸರಿಯುವ ತನಕ ತಡೆದು, ಆಮೇಲೆ ಎತ್ತಿಕೊಂಡರು. ಒಂಬತ್ತು ಮನೆಯವರೂ ಹಾಗೆಯೇ ಮಾಡಿದರು. ಯಾರೂ ಮುಖ ಸಿಂಡರಿಸಲಿಲ್ಲ, ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಅಯ್ಯನವರ ಮುಖದಲ್ಲಿ ಸಮಾಧಾನ ಕಂಡಿತು. ಕೇರಿಯವರ ಸರದಿ ಬಂದಾಗ ಕಂಚು, ಹಿತ್ತಾಳೆ, ಬಾಯಿ ಮುರಿದ ಪಿಂಗಾಣಿ, ಯಾರ ಮನೆಯಲ್ಲಿ ಏನಿತ್ತೋ ಅದು ಮುಂದೆ ಬಂತು.

ಎಲ್ಲರಿಗಿಂತ ಕೊನೆಗೆ ಹೊನ್ನಮ್ಮ ಬಂದು ಮೊಣಕಾಲೂರಿದಳು. ಅವಳ ಹತ್ತಿರ ಏನೂ ಇರಲಿಲ್ಲ.

"ಲೋಟ ಎಲ್ಲಿ?" ದೇವು ಪಿಸುಗುಟ್ಟಿದ.

ಪೇಟೆಯ ಒಡೆಯರ ಬಾವಿಕಟ್ಟೆಯ ಕೆಳಗೆ, ಮೇಲಿನಿಂದ ಸುರಿಯುವ ನೀರಿಗೆ ನಿಂತಾಗ ಕೇರಿಯ ಹೆಂಗಸರು ಮಾಡುವ ಹಾಗೆ, ಅವಳು ಎರಡೂ ಮೊಣಕೈ ಕೂಡಿಸಿ, ಬೊಗಸೆಯನ್ನು ಬಾಯಿಯ ಹತ್ತಿರ ಹಿಡಿದಳು. ಗಂಡನ ಮುಖ ನೋಡಲಿಲ್ಲ.

ದೇವು ಪಾತ್ರೆ ಬಗ್ಗಿಸಿದ. ಬಗ್ಗಿಸುವಾಗ ಅವನ ಕೈ ತನ್ನಷ್ಟಕ್ಕೆ ಒಂದು ಗೇಣು ಮೇಲೆ ಹೋಯಿತು. ಎಷ್ಟು ಎತ್ತರದಿಂದ ಸುರಿಯಬೇಕೆಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.