ನಡುಮನೆಯ ಯುದ್ಧ

ನಿನ್ನೆ ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ನಾನೊಬ್ಬನೇ ಏಳುನೂರು ಸೈನಿಕರನ್ನು ಕಡಿದು ಹಾಕಿದೆ. ಆನೆಗಳನ್ನು ಸೊಂಡಿಲು ಹಿಡಿದು ಗಿರಗಿರನೆ ತಿರುಗಿಸಿ ಎಸೆದೆ. ಮೊಣಕಾಲುದ್ದ ರಕ್ತ ಹರಿಯಿತು. ಕೊನೆಗೆ ರಾಜನ ರುಂಡವನ್ನೇ ಹಾರಿಸಿದೆ.

"ಆ ರುಂಡ ಇದೇನಾ?" ಎಂದು ಹೆಂಡತಿ ಅಂಗೈ ಚಾಚಿದಳು. ದಸರೆಗೆಂದು ಜೋಡಿಸಿಟ್ಟಿದ್ದ, ಅವಳ ತವರಿನ ಮಣ್ಣಿನ ಗೊಂಬೆಯ ತಲೆ!

"ಶತ್ರು ಕಣೇ..."

"ಸಾಕು ನಿಮ್ಮ ಬುರುಡೆ! ಮೊಮ್ಮಗಳನ್ನ ಉಳಿಸೋಕೆ ಕಥೆ ಕಟ್ತೀರಾ?" ಅವಳು ಮೂರು ವರ್ಷದ ಕೂಸಿನ ರಟ್ಟೆ ಹಿಡಿದೆಳೆದು ಕೈ ಎತ್ತಿದಳು. "ಗೊಂಬೆ ಇಟ್ಟಿರೋದು ನೋಡೋಕೆ, ಆಡೋಕಲ್ಲ ಅಂತ ಹೇಳಿರಲಿಲ್ವೇನೇ?"

ಕೂಸು ಚೀರಿತು.

"ಹೊಡೀಬೇಡ ಕಣೇ! ಮಗು ಮಲಗಿತ್ತು. ಚಿಕ್ಕವನಿದ್ದಾಗ ನನಗೂ ಯಾರೂ ಮುಟ್ಟೋಕೆ ಬಿಟ್ಟಿರಲಿಲ್ಲ... ನಿನ್ನೆ ಒಬ್ಬನೇ ಕೂತು ಆಡಿಬಿಟ್ಟೆ."