ಅರವತ್ತನೇ ವಾರ

ಆರು ಲಕ್ಷಕ್ಕೆ ಕೊಳ್ಳುವ ಪಾರ್ಟಿ ರೆಡಿ ಇದೆ ಎಂದು ಅಮರನಾಥ್ ಎನ್ನುವ ದಲ್ಲಾಳಿ ಫೋನಿನಲ್ಲಿ ಹೇಳಿದಾಗ, ಹೆಂಡತಿ ರಹೀಮಾಗೂ ಕೇಳಲಿ ಎಂದು ಅಜ್ಮತುಲ್ಲಾ ಸ್ಪೀಕರ್ ಒತ್ತಿದ. ಮಾರಬೇಕಿದ್ದದ್ದು ಕೊಡಗಿನ ರೆಸಾರ್ಟೊಂದರಲ್ಲಿ ಅವರ ಪಾಲಿಗಿದ್ದ, ವರ್ಷಕ್ಕೊಂದು ವಾರ ತಂಗುವ ಹಕ್ಕು. ಆರು ವರ್ಷದ ಹಿಂದೆ ಬೆಂಗಳೂರಿನ ಮಾಲೊಂದರಲ್ಲಿ ರೆಸಾರ್ಟಿನವರು, ಬಹುಮಾನ ಬಂದಿದೆ ಎಂದು ಕೂರಿಸಿ ಎರಡೂವರೆ ಲಕ್ಷಕ್ಕೆ ಸಹಿ ಹಾಕಿಸಿಕೊಂಡಿದ್ದರು. ಸಿಕ್ಕಿದ್ದು ಇಪ್ಪತ್ತೆಂಟನೇ ವಾರ, ಅಂದರೆ ಜುಲೈ. ಕೋಲಾರದ ಟೊಮೆಟೊ ಮಂಡಿಯವನಿಗೆ ಜುಲೈನಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಒಂದು ಸಲವೂ ಹೋಗಿರಲಿಲ್ಲ.

ವರ್ಗಾವಣೆ ತೆರಿಗೆ ನಲವತ್ತೆಂಟು ಸಾವಿರವನ್ನು ನಾಳೆ ಮಧ್ಯಾಹ್ನದೊಳಗೆ ಕಳಿಸಿದರೆ ಸಂಜೆಗೆ ಆರು ಲಕ್ಷವೂ ಖಾತೆಗೆ ಬರುತ್ತದೆ ಎಂದ ಅಮರನಾಥ್. ಅಷ್ಟು ಹಣ ಮನೆಯಲ್ಲಿತ್ತು. ಮಗಳು ಮಹೆಕ್‌ಳ ನರ್ಸಿಂಗ್ ಕಾಲೇಜಿಗೆ ಸೋಮವಾರ ಕಟ್ಟಬೇಕಾದ ಫೀಸು ಅದು.

ಫೋನ್ ಇಟ್ಟ ಮೇಲೆ ರಹೀಮಾ ಕೇಳಿದಳು. "ಅಜೀ, ನಿಮ್ಮ ಮಂಡೀಲಿ ಮುಂಗಡ ಯಾರು ಕೊಡ್ತಾರೆ?"

"ಕೊಳ್ಳೋರು."

"ಮತ್ತೆ ಇಲ್ಲಿ?"

"ಇದು ಕಂಪನಿ ವ್ಯವಹಾರ ಕಣೇ. ಟೊಮೆಟೊ ಅಲ್ಲ."

ಅವಳಿಗೆ ಸೋಜಿಗವಾಗಿದ್ದು ಮುಂಗಡವೊಂದೇ ಅಲ್ಲ. ಮಂಡಿಯಲ್ಲಿ ಹದಿನೈದು ಕೆ.ಜಿ. ಬಾಕ್ಸು ಕೊಳ್ಳುವವನೂ ಒಂದು ಹಣ್ಣು ಕುಯ್ದು ನೋಡಿ, ಇಲ್ಲದ ಹುಳುಕು ಹುಡುಕಿ, ಆಮೇಲೆ ರೇಟು ಹೇಳುತ್ತಾನೆ. ಆರು ಲಕ್ಷ ಕೊಡುವ ಈ ಮನುಷ್ಯ ರೂಮಿಗೆ ಎಷ್ಟು ಮಂಚ ಎಂದೂ ಕೇಳಲಿಲ್ಲವಲ್ಲ.

ಮರುದಿನ ಹತ್ತು ಗಂಟೆಗೆ ಮತ್ತೆ ಫೋನ್ ಬಂತು. ಈ ಸಲ ಅವಳೇ ಎತ್ತಿ ಸ್ಪೀಕರ್ ಒತ್ತಿದಳು. ಕಣ್ಣಲ್ಲಿ ನೋಡದ ರೂಮಿನ ಮೇಲೆ ದೂರು ಹೊಸೆದಳು: ಹಾಸಿಗೆಯೆಲ್ಲ ಥಂಡಿ, ಬಚ್ಚಲಿಗೇ ಜಿಗಣೆ ಬರುತ್ತದೆ. ಪರವಾಗಿಲ್ಲ, ಪಾರ್ಟಿಗೆ ಬಹಳ ಇಷ್ಟವಾಗಿದೆ ಎಂದ ಅವನು. ನಮ್ಮ ಮಾಲನ್ನು ನೀನೇ ಯಾಕೆ ಹಾಳು ಮಾಡ್ತೀಯ ಎಂಬಂತೆ ಗಂಡ ಎದುರಿನಿಂದ ಕೈಸನ್ನೆ ಮಾಡಿದ.

"ನಮ್ಮದು ಅರವತ್ತನೇ ವಾರ. ಅದು ಗೊತ್ತಿದೆ ತಾನೆ ನಿಮಗೆ?"

"ಗೊತ್ತು ಮೇಡಂ. ಈಗ ಡಿಮ್ಯಾಂಡ್ ಇರೋದೇ ಅರವತ್ತಕ್ಕೆ."

ವರ್ಷಕ್ಕೆ ಇರುವುದು ಐವತ್ತೆರಡು ವಾರ. ಅಜ್ಮತುಲ್ಲಾ ತಾನೇ ಕೈಚಾಚಿ ಕಟ್ ಮಾಡಿದ. ಸೋಮವಾರ ಮಹೆಕ್‌ಳ ಫೀಸು ಕಟ್ಟಿಯಾಯಿತು.

ಗುರುವಾರ ಬೆಳಗ್ಗೆ ಗಂಡ ಮಂಡಿಗೆ ಹೊರಡುತ್ತಿರುವಾಗ ಇನ್ನೊಂದು ಕರೆ; ರಹೀಮಾ ಎತ್ತಿ ಸ್ಪೀಕರಿಗೆ ಹಾಕಿದಳು. ಮೃದು ದನಿಯ ಹೆಂಗಸು. ತಾನು ದಿಲ್ಲಿಯ ಗ್ರಾಹಕರ ರಕ್ಷಣಾ ವಿಭಾಗದವಳು, ನಿಮಗೆ ಮೋಸ ಮಾಡಿದ ಅಮರನಾಥನ ಕಂಪನಿ ಸಿಕ್ಕಿಬಿದ್ದಿದೆ, ಎರಡು ಸಾವಿರ ಕಟ್ಟಿದರೆ ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ ಎಂದಳು. ರಹೀಮಾಗೆ ನಗು ಬಂತು.

"ನಾವೇನೂ ಕಳಕೊಂಡಿಲ್ಲಮ್ಮ. ಒಂದು ಪೈಸೆನೂ ಕೊಟ್ಟಿಲ್ಲ."

"ಕೊಟ್ಟಿದ್ದೀರ ಮೇಡಂ. ಫೈಲ್ ಚಾರ್ಜು ಹದಿನೈದು ಸಾವಿರ. ಹೋದ ತಿಂಗಳು ಒಂಬತ್ತನೇ ತಾರೀಕು, ನಿಮ್ಮ ಯಜಮಾನರ ನಂಬರಿಂದ ಬಂದಿದೆ."

ಬಾಗಿಲ ಬಳಿ ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದ ಅಜ್ಮತುಲ್ಲಾ ತಲೆ ಎತ್ತಲಿಲ್ಲ. ಹಾಕಿದ ಪಟ್ಟಿಯನ್ನೇ ಬಿಚ್ಚಿ ಮತ್ತೆ ಹಾಕತೊಡಗಿದ.